ಕತೆಯನ್ನು ಎಲ್ಲಿ ನಿಲ್ಲಿಸಬೇಕು? ಸುಡಾನಿನ ಹುಡುಗರ ಕತೆ ಹೇಳಿದ ಮೇಲೆ ಎದ್ದ ಪ್ರಶ್ನೆ

ಪೂರ್ಣಿಮಾ ಟೀಚರ್, ಹುಣಸೂರು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಎರಡು ವಾರದಿಂದ ಮನಸ್ಸು ಕೊರೆಯುತ್ತಿದೆ. ಇಲ್ಲಿ ಕತೆ ಓದುವವರು, ಮಕ್ಕಳಿಗೆ ಹೇಳುವವರು ತುಂಬಾ ಜನ ಇದ್ದೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಶನಿವಾರದ ಕೊನೇ ಪೀರಿಯಡ್ ಒಂಬತ್ತನೇ ಕ್ಲಾಸಿಗೆ ಕತೆ. ಈ ಸಲ ಸುಡಾನಿನ ‘ಲಾಸ್ಟ್ ಬಾಯ್ಸ್’ ಕತೆ ಆರಿಸಿಕೊಂಡೆ. ಯಾಕೆ ಸುಡಾನ್ ಅಂದರೆ, ನಮ್ಮ ಶಾಲೆಯಲ್ಲಿ ಹಕ್ಕಿಪಿಕ್ಕಿ ಮಕ್ಕಳಿದ್ದಾರೆ. 2023ರ ಏಪ್ರಿಲ್‌ನಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದರಲ್ವಾ? ‘ಆಪರೇಷನ್ ಕಾವೇರಿ’ಯಲ್ಲಿ ಕರೆತಂದಿದ್ದು ನಿಮಗೂ ನೆನಪಿರಬಹುದು. ನಮ್ಮ ಕ್ಲಾಸಿನ ಕೆಲವು ಮಕ್ಕಳಿಗೆ ಸುಡಾನ್ ಅಂದ ಕೂಡಲೇ ನೆನಪಾಗುವುದು ಮಾವನ ಫೋನು ಹತ್ತದೇ ಇದ್ದ ದಿನಗಳು.

ನಾನು ಹೇಳಿದ್ದು ಅದಕ್ಕಿಂತ ಹಳೇ ಯುದ್ಧದ ಕತೆ. ಗೊತ್ತಿಲ್ಲದವರಿಗಾಗಿ ಒಂದಿಷ್ಟು ಬರೆಯುತ್ತೇನೆ.

ಸುಡಾನಿನ ಸರ್ಕಾರಕ್ಕೂ ದಕ್ಷಿಣದ ಬಂಡಾಯಗಾರರಿಗೂ 1983ರಲ್ಲಿ ಎರಡನೇ ಸಲ ಯುದ್ಧ ಶುರುವಾಯಿತು. ದಕ್ಷಿಣದ ಹಳ್ಳಿಗಳ ಮೇಲೆ ದಾಳಿ ನಡೆದವು. ದಿಂಕಾ, ನುವೇರ್ ಜನರಲ್ಲಿ ದನ ಕಾಯುವುದು ಹುಡುಗರ ಕೆಲಸ. ದಾಳಿಯಾದಾಗ ಎಷ್ಟೋ ಹುಡುಗರು ಊರಾಚೆ ದನದ ಹಟ್ಟಿಯಲ್ಲಿದ್ದರು. ಊರು ಉರಿಯುವುದನ್ನು ಕಂಡು ಅಲ್ಲಿಂದಲೇ ಓಡಿದರು. ಆರೇಳು ವರ್ಷದವರೂ ಇದ್ದರು. ಹೀಗೆ ಚದುರಿದ ಹುಡುಗರು ಸುಮಾರು 20,000 ಅನ್ನುತ್ತಾರೆ. ಪೂರ್ವಕ್ಕೆ ಇಥಿಯೋಪಿಯಾದವರೆಗೆ ನಡೆದರು. ದೊಡ್ಡ ಹುಡುಗರು ಚಿಕ್ಕವರನ್ನು ಕೈಹಿಡಿದು ನಡೆಸಿದರು. ಪಿನ್ಯುಡೊ ಅನ್ನುವ ಕಡೆ ಶಿಬಿರದಲ್ಲಿ ಕೆಲವು ವರ್ಷ ಕಳೆಯಿತು. ಅಲ್ಲೂ ಕೆಲವರ ಕೈಗೆ ಬಂಡಾಯಗಾರರು ಬಂದೂಕು ಕೊಟ್ಟರು. 1991ರ ಮೇ ತಿಂಗಳಲ್ಲಿ ಇಥಿಯೋಪಿಯಾದ ಮೆಂಗಿಸ್ಟು ಸರ್ಕಾರ ಬಿತ್ತು. ಇವರನ್ನು ಗಡಿಯಾಚೆ ಅಟ್ಟಿದರು. ಗಿಲೋ ನದಿ ತುಂಬಿ ಹರಿಯುತ್ತಿತ್ತು. ಹಿಂದೆ ಗುಂಡು, ಮುಂದೆ ನೀರು, ನೀರಿನಲ್ಲಿ ಮೊಸಳೆ. ಅಲ್ಲಿ ಎಷ್ಟು ಮಕ್ಕಳು ಹೋದರೋ ಲೆಕ್ಕ ಇಟ್ಟವರಿಲ್ಲ. ಉಳಿದವರು ಮತ್ತೆ ನಡೆದು 1992ರಲ್ಲಿ ಕೀನ್ಯಾದ ಕಾಕುಮಾ ನಿರಾಶ್ರಿತರ ಶಿಬಿರ ತಲುಪಿದರು. ಒಣ ಬಯಲು, ದೂಳುಗಾಳಿ. ಮರದ ಕೆಳಗೆ ಕೂತು, ನೆಲದ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿದರು. ಅಲ್ಲಿಂದ ಸುಮಾರು 3,800 ಜನರನ್ನು 2001ರ ಹೊತ್ತಿಗೆ ಅಮೆರಿಕ ಕರೆಸಿಕೊಂಡಿತು.

2005ರಲ್ಲಿ ಶಾಂತಿ ಒಪ್ಪಂದ ಆಯಿತು. 2011ರ ಜನವರಿಯಲ್ಲಿ ಮತದಾನ. ಜುಲೈ 9ಕ್ಕೆ ದಕ್ಷಿಣ ಸುಡಾನ್ ಹೊಸ ದೇಶವಾಯಿತು. ನಾನು ಕತೆಯನ್ನು ಅಲ್ಲಿಗೆ ನಿಲ್ಲಿಸಿದೆ. ಮಕ್ಕಳು ಚಪ್ಪಾಳೆ ಹೊಡೆದರು. ಬೆಲ್ ಆಯಿತು.

ಆದರೆ 2013ರ ಡಿಸೆಂಬರ್ 15ಕ್ಕೆ ಅದೇ ಹೊಸ ದೇಶದಲ್ಲಿ, ತಮ್ಮ ತಮ್ಮಲ್ಲೇ ಯುದ್ಧ ಶುರುವಾಯಿತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಮಕ್ಕಳ ಮುಖ ನೋಡಿ ಬಾಯಿ ಬರಲಿಲ್ಲ.

ಗೇಟಿನ ಹತ್ತಿರ ಒಬ್ಬ ಹುಡುಗಿ ಹಿಂದೆಯೇ ಬಂದಳು. “ಟೀಚರ್, ಆ ಊರಲ್ಲಿ ಹುಡುಗೀರೂ ಇದ್ರಲ್ವಾ? ಅವರೇನಾದ್ರು?” ಅಂದಳು. ಮುಂದಿನ ವಾರ ಹೇಳ್ತೀನಿ ಅಂದೆ. ಅದಾಗಿ ಎರಡು ಶನಿವಾರ ಕಳೆದಿವೆ. ಬೇರೆ ಬೇರೆ ನೆವ ಹೇಳಿದ್ದೇನೆ.

ಯುದ್ಧದಲ್ಲಿ ಬದುಕುಳಿದ ಮಕ್ಕಳ ಕತೆಯನ್ನು ನೀವು ಎಲ್ಲಿ ನಿಲ್ಲಿಸುತ್ತೀರಿ? ಭರವಸೆ ಇರುವ ಕಡೆಯೇ ನಿಲ್ಲಿಸುವುದು ಮೋಸವಾ?

ರಾಘು, ಕುಂದಾಪುರ

ಟೀಚರ್, ನೀವು ಮೋಸ ಮಾಡಿಲ್ಲ. ಮೊದಲು ಆ ಭಾರ ಇಳಿಸಿ.

ನಮ್ಮೂರಲ್ಲಿ ನಾನು ಚಿಕ್ಕ ಲೈಬ್ರರಿ ನೋಡಿಕೊಳ್ಳುತ್ತೇನೆ. ಹದಿನಾಲ್ಕು ವರ್ಷದ ಮಕ್ಕಳಿಗೆ ಯುದ್ಧದ ಕತೆ ಕೊಡುವಾಗ ನನಗೆ ಒಂದೇ ಯೋಚನೆ. ಓದಿ ಮುಗಿಸಿದ ಮೇಲೆ ಆ ಮಗು ಏನನ್ನು ಹಿಡಿದುಕೊಂಡು ಮನೆಗೆ ಹೋಗುತ್ತದೆ?

ಲೋಪೆಜ್ ಲೋಮಾಂಗ್ ಕತೆ ಹೇಳಿದಿರಾ? ಅವನೂ ಇದೇ ಗುಂಪಿನವನು. 1991ರಲ್ಲಿ, ಆರು ವರ್ಷದವನಿದ್ದಾಗ, ಪ್ರಾರ್ಥನೆಗೆ ಸೇರಿದ್ದ ಕಡೆಯಿಂದ ಬಂದೂಕುಧಾರಿಗಳು ಎತ್ತಿಕೊಂಡು ಹೋದರು. ಮೂವರು ದೊಡ್ಡ ಹುಡುಗರು ಅವನನ್ನು ಬೇಲಿ ದಾಟಿಸಿ, ಮೂರು ದಿನ ಓಡಿಸಿಕೊಂಡು ಕೀನ್ಯಾ ಸೇರಿಸಿದರು. ಕಾಕುಮಾದಲ್ಲಿ ಹತ್ತು ವರ್ಷ. 2000ನೇ ಇಸವಿಯಲ್ಲಿ ಐದು ಶಿಲ್ಲಿಂಗ್ ಕೊಟ್ಟು, ಮೈಲುಗಟ್ಟಲೆ ನಡೆದು, ಒಂದು ಕಪ್ಪುಬಿಳುಪು ಟಿವಿಯಲ್ಲಿ ಸಿಡ್ನಿ ಒಲಿಂಪಿಕ್ಸ್ ನೋಡಿದ. ಮೈಕೆಲ್ ಜಾನ್ಸನ್ ಓಡುವುದನ್ನು ಕಂಡು, ನಾನೂ ಓಡುತ್ತೇನೆ ಅಂದುಕೊಂಡ. ಎಂಟು ವರ್ಷದ ಮೇಲೆ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಮುಂದೆ ಬಾವುಟ ಹಿಡಿದು ನಡೆದವನು ಅವನೇ. ಇತ್ತ ಊರಲ್ಲಿ ಅಪ್ಪ ಅಮ್ಮ, ಮಗ ಸತ್ತ ಅಂದುಕೊಂಡು ಅಂತ್ಯಕ್ರಿಯೆ ಮಾಡಿದ್ದರು. ಆಮೇಲೆ ತಾಯಿ ಮಗ ಮತ್ತೆ ಸಿಕ್ಕರು.

ಇದು ಕಟ್ಟುಕತೆ ಅಲ್ಲ. ನಡೆದದ್ದು. ನಡೆದ ಒಳ್ಳೆಯದನ್ನು ಹೇಳುವುದಕ್ಕೆ ಹಿಂಜರಿಕೆ ಯಾಕೆ? ನನ್ನ ಕೇಳಿದರೆ ಬೀಜಿಂಗ್‌ಗೆ ನಿಲ್ಲಿಸಿ.

ನಸೀಮಾ, ಶಿವಮೊಗ್ಗ

ರಾಘು ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ನಾನು ಒಪ್ಪುವುದಿಲ್ಲ.

ನಾನು ಮಕ್ಕಳ ಆಪ್ತಸಮಾಲೋಚಕಿ. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಮನೆಯಲ್ಲಿ, ಬೀದಿಯಲ್ಲಿ ಹಿಂಸೆ ಕಂಡ ಮಕ್ಕಳು ಬರುತ್ತಾರೆ. ಆ ಮಕ್ಕಳು ಬೇಗ ಕಲಿಯುವ ಪಾಠ ಒಂದಿದೆ. ದೊಡ್ಡವರಿಗೆ ಯಾವ ಮಾತು ಬೇಕೋ ಅದನ್ನು ಕೊಡುವುದು. “ಆಂಟಿ, ಈಗ ನಾನು ಚೆನ್ನಾಗಿದ್ದೀನಿ” ಅಂತ ನಗುತ್ತಾರೆ. ಅದನ್ನು ಕೇಳಿ ನಾವು ಹಗುರಾಗುತ್ತೇವೆ. ಮಗು ರಾತ್ರಿ ಎದ್ದು ಕೂತಿರುತ್ತದೆ.

ಒಮ್ಮೆ ಒಂದು ಸಂಸ್ಥೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಒಬ್ಬ ಹುಡುಗನನ್ನು ವೇದಿಕೆಗೆ ಕರೆದು, ನಿನಗೆ ಏನಾಯಿತು ಹೇಳು ಅಂದರು. ಅವನು ಹೇಳಿದ. ಕೊನೆಗೆ ‘ಈಗ ನನಗೆ ಭವಿಷ್ಯ ಇದೆ’ ಅಂತ ಮುಗಿಸಿದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ದೇಣಿಗೆ ಬಂತು. ಇಳಿದು ಬಂದವನು ನನ್ನ ಪಕ್ಕ ಕೂತ. ಅವನ ಕೈ ಮಂಜಿನಂತೆ ತಣ್ಣಗಿತ್ತು. ಆ ಕೈಯನ್ನು ನಾನು ಇವತ್ತಿಗೂ ಮರೆತಿಲ್ಲ.

ಸುಡಾನಿನ ಹುಡುಗರ ವಿಷಯದಲ್ಲೂ ಹಾಗೇ ಆಗಿರಬೇಕು ಅನಿಸುತ್ತದೆ. ಕೇಳುವವರಿಗೆ ಸಿಂಹ ಬೇಕು, ಮೊಸಳೆ ಬೇಕು, ಆಮೇಲೆ ವಿಮಾನ ಬೇಕು. ಲೋಮಾಂಗ್ ಓಡಿದ, ಸಂತೋಷ. ಅದೇ ಶಿಬಿರದಲ್ಲಿ ಅದೇ ಟಿವಿ ನೋಡಿ ಮನೆಗೆ ಮರಳಿದ ಉಳಿದ ಹುಡುಗರು? ಅವರ ಪ್ರಯತ್ನ ಕಡಿಮೆಯಿತ್ತಾ? ಒಬ್ಬನ ಗೆಲುವಿಗೆ ಕತೆ ನಿಲ್ಲಿಸಿದರೆ, ಗೆಲ್ಲದವರು ಏನೋ ತಪ್ಪು ಮಾಡಿದರು ಅನ್ನುವ ಭಾವನೆ ಮಕ್ಕಳಲ್ಲಿ ಸುಮ್ನೆ ಕೂತುಬಿಡುತ್ತದೆ.

ಟೀಚರ್, 2013 ಹೇಳಿ.

ಗಿರೀಶ್, ತುಮಕೂರು

ಒಬ್ಬ ಅಪ್ಪನಾಗಿ ಕೇಳುತ್ತಿದ್ದೇನೆ, ಬೇಸರ ಮಾಡಬೇಡಿ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಷ್ಟೆಲ್ಲ ಬೇಕಾ? 2022ರಲ್ಲಿ ಉಕ್ರೇನ್ ಯುದ್ಧದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ತೀರಿಕೊಂಡನಲ್ಲ, ಆಗ ನಮ್ಮ ಮನೆಯಲ್ಲಿ ದಿನವಿಡೀ ಟಿವಿ ಹಾಕಿದ್ದೆವು. ಮಗಳು ಆಗ ಆರನೇ ಕ್ಲಾಸು. ತಿಂಗಳುಗಟ್ಟಲೆ ಒಬ್ಬಳೇ ಮಲಗಲಿಲ್ಲ. ವಿಮಾನದ ಸದ್ದು ಕೇಳಿದರೆ ಕಿಟಕಿ ಹಾಕುತ್ತಿದ್ದಳು. ತಪ್ಪು ನಮ್ಮದೇ, ಟಿವಿ ಆರಿಸಬೇಕಿತ್ತು. ಅಂದಿನಿಂದ ಇಂಥ ಕತೆ ಅಂದರೆ ನನಗೆ ಭಯ.

ನಸೀಮಾ, ಶಿವಮೊಗ್ಗ

ಗಿರೀಶ್ ಅವರೆ, ನಿಮ್ಮ ಭಯ ಸರಿಯಾಗಿಯೇ ಇದೆ. ಟಿವಿಯಲ್ಲಿ ಬಂದದ್ದು ಕತೆಯಾಗಿರಲಿಲ್ಲ, ಅದೇ ನಾಲ್ಕು ದೃಶ್ಯ ಇಡೀ ದಿನ. ಮಗುವಿನ ಪಕ್ಕ ಕೂತು ಹೇಳುವವರು ಯಾರೂ ಇರಲಿಲ್ಲ. ಹಗಲು ಹೊತ್ತು, ಗೊತ್ತಿರುವ ಟೀಚರ್ ಬಾಯಲ್ಲಿ, ಜೊತೆಯವರ ನಡುವೆ ಕೇಳುವುದು ಬೇರೆ. ರಕ್ತದ ವಿವರ ಬೇಕಿಲ್ಲ. ಪ್ರಶ್ನೆ ಕೇಳಲು ಹೊತ್ತು ಕೊಟ್ಟರೆ ಸಾಕು. ಬೆಲ್ ಆಗುವ ಹತ್ತು ನಿಮಿಷ ಮುಂಚೆ ಮುಗಿಸಿ ಟೀಚರ್.

ವಿನಯ್, ಒಮಾಹಾ

ನಾನು ಹಾಸನದವನು, ಈಗ ನೆಬ್ರಾಸ್ಕಾದ ಒಮಾಹಾದಲ್ಲಿದ್ದೇನೆ. ಇಲ್ಲಿ ದಕ್ಷಿಣ ಸುಡಾನಿನವರು ತುಂಬಾ ಜನ ಇದ್ದಾರೆ. ಈ ಚರ್ಚೆ ನೋಡಿ ಬರೆಯದೇ ಇರಲು ಆಗಲಿಲ್ಲ.

ಮೊದಲ ಕೆಲಸದಲ್ಲಿ ನನ್ನ ಪಕ್ಕದ ಮೇಜಿನವನು ಲಾಸ್ಟ್ ಬಾಯ್ಸ್ ಗುಂಪಿನಲ್ಲಿ ಬಂದವನು. ಮೂರು ವರ್ಷ ಒಟ್ಟಿಗೆ ಊಟ ಮಾಡಿದೆವು. ಅವನು ತನ್ನ ನಡಿಗೆಯ ಬಗ್ಗೆ ಮಾತಾಡಿದ್ದು ಎರಡೇ ಸಲ. ನಾನಾಗಿ ಕೇಳಲಿಲ್ಲ.

ಒಂದು ಜನವರಿ 1ಕ್ಕೆ ಅವನ ಹುಟ್ಟುಹಬ್ಬ ಅಂತ ಗೊತ್ತಾಯಿತು. ಶುಭಾಶಯ ಹೇಳಿದೆ. ಅವನು, “ನಮ್ಮೆಲ್ಲರದ್ದೂ ಇವತ್ತೇ” ಅಂದ. ಹುಟ್ಟಿದ ದಿನ ಗೊತ್ತಿಲ್ಲದ ಹುಡುಗರಿಗೆಲ್ಲ ಕಾಗದದಲ್ಲಿ ಜನವರಿ 1 ಅಂತ ಬರೆದಿದ್ದರಂತೆ. ನಮ್ಮ ಅಪ್ಪನ ಹುಟ್ಟಿದ ದಿನ ಶಾಲೆ ದಾಖಲೆಯಲ್ಲಿ ಜೂನ್ 1. ಮೇಷ್ಟ್ರು ಬರೆದದ್ದು. ಅದನ್ನು ಹೇಳಿದೆ. ಅವನು ಬಹಳ ಹೊತ್ತು ಯೋಚಿಸಿ, “ನಿನ್ನ ಅಪ್ಪನಿಗೆ ನಿಜವಾದ ದಿನ ಹೇಳುವ ಅಮ್ಮ ಇದ್ದಳಾ?” ಅಂತ ಕೇಳಿದ. ಇದ್ದಳು. ಅಜ್ಜಿ ಯಾವಾಗಲೂ ಹೇಳುತ್ತಿದ್ದಳು, ‘ರಾಗಿ ಕೊಯ್ಲಿನಲ್ಲಿ ಹುಟ್ಟಿದ್ದು ನೀನು’ ಅಂತ.

ಅಮೆರಿಕದ ವಿಮಾನ ಹತ್ತಿದರೆ ಕತೆ ಸುಖಾಂತ್ಯ ಅನ್ನುವವರಿಗೆ ಎರಡು ಮಾತು. 2001ರ ಸೆಪ್ಟೆಂಬರ್ 11ರ ದಾಳಿಯಾದ ಮೇಲೆ ಅವರನ್ನು ಕರೆಸಿಕೊಳ್ಳುವುದು ನಿಂತುಹೋಯಿತು. ಹೆಸರು ಬಂದು, ಬಟ್ಟೆ ಗಂಟು ಕಟ್ಟಿಕೊಂಡಿದ್ದವರು ಕಾಕುಮಾದಲ್ಲೇ ಉಳಿದರು. ಇನ್ನು ಬಂದವರಲ್ಲಿ ತುಂಬಾ ಜನಕ್ಕೆ ಆಗಲೇ ಹದಿನೆಂಟು ದಾಟಿತ್ತು. ಕೆಲವು ತಿಂಗಳ ಸಹಾಯ ಮುಗಿದ ಮೇಲೆ ಅವರ ಕಾಲ ಮೇಲೆ ಅವರು. ನನ್ನ ಸ್ನೇಹಿತ ಮಾಂಸದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿ ಹಗಲು ಓದಿದವನು. ದನವನ್ನು ಹಾಡಿ ಹೊಗಳುವ ಜನ ಅವರು. ಆ ಕೆಲಸ ಅವನಿಗೆ ಹೇಗಿತ್ತೋ, ನಾನು ಕೇಳಲು ಹೋಗಲಿಲ್ಲ.

2011ರ ಮತದಾನಕ್ಕೆ ಇಲ್ಲಿಯೂ ಮತಗಟ್ಟೆ ಇತ್ತು. ಅವನು ಕೋಟು ಹಾಕಿಕೊಂಡು ಹೋಗಿದ್ದ. ನೂರಕ್ಕೆ 98ಕ್ಕಿಂತ ಜಾಸ್ತಿ ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಆ ವಾರ ಅವನ ಬೆರಳಿನ ಶಾಯಿ ಹೋಗದಂತೆ ಕೈ ತೊಳೆಯುತ್ತಿದ್ದ. 2013ರ ಡಿಸೆಂಬರ್‌ನಲ್ಲಿ ಅದೇ ಮನುಷ್ಯ ಫೋನ್ ಕಾರ್ಡ್ ಮೇಲೆ ಕಾರ್ಡ್ ಉಜ್ಜುತ್ತಾ ಪಾರ್ಕಿಂಗ್ ಜಾಗದಲ್ಲಿ ನಿಂತಿರುತ್ತಿದ್ದ. ಹೊರಗೆ ಹಿಮ. ಒಳಗೆ ಬಾ ಅಂದರೂ ಬರುತ್ತಿರಲಿಲ್ಲ.

ಅವನಿಗೆ ಕತೆಯನ್ನು ಜುಲೈ 9ಕ್ಕೆ ನಿಲ್ಲಿಸುವ ಸೌಕರ್ಯ ಇರಲಿಲ್ಲ ಟೀಚರ್. ನಮಗಿದೆ. ನಿಲ್ಲಿಸಬಾರದು ಅಂತ ಹೇಳುತ್ತಿಲ್ಲ. ನಿಲ್ಲಿಸುವಾಗ, ನಿಲ್ಲಿಸಿದ್ದು ನಾನು ಅಂತ ಮಕ್ಕಳಿಗೆ ಹೇಳಬಹುದಲ್ವಾ?

ಚೈತ್ರಾ ಕೆ., ಮೈಸೂರು

ಯಾರೂ ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ! ಎಂ.ಎ. ಓದುವಾಗ ನಿರಾಶ್ರಿತರ ಮೇಲೆ ಪ್ರಬಂಧ ಬರೆದಿದ್ದೆ. ನನಗೂ ಇದೇ ಪ್ರಶ್ನೆ ಕಾಡಿತ್ತು.

ಹುಡುಗಿಯರು ಇದ್ದರು. ದಾಳಿಯಾದಾಗ ಅವರು ಹಟ್ಟಿಯಲ್ಲಿರಲಿಲ್ಲ, ಮನೆಯಲ್ಲಿದ್ದರು. ಹಾಗಾಗಿ ಮನೆಯವರ ಜೊತೆಗೇ ಸತ್ತವರು ಜಾಸ್ತಿ. ಕೆಲವರನ್ನು ದಾಳಿಕೋರರು ಹೊತ್ತೊಯ್ದು, ಉತ್ತರಕ್ಕೆ ಸಾಗಿಸಿ ಜೀತಕ್ಕೆ ಇಟ್ಟುಕೊಂಡರು. ತಪ್ಪಿಸಿಕೊಂಡು ನಡೆದವರೂ ಇದ್ದರು. ಅವರೂ ಅದೇ ಗಿಲೋ ನದಿ ದಾಟಿದರು.

ಶಿಬಿರಕ್ಕೆ ಬಂದ ಮೇಲೆ ದಾರಿ ಬೇರೆಯಾಯಿತು. ಹುಡುಗರನ್ನು ಗುಂಪು ಗುಂಪಾಗಿ ಇರಿಸಿದರು. ಹುಡುಗಿಯರನ್ನು ಹಾಗೆ ಬಿಡಬಾರದು ಅಂತ ಅವರ ಸಂಪ್ರದಾಯದಂತೆ ಒಂದೊಂದು ಮನೆಗೆ ಸೇರಿಸಿದರು. ಒಳ್ಳೆಯ ಉದ್ದೇಶವೇ. ಆದರೆ ಎಷ್ಟೋ ಮನೆಗಳಲ್ಲಿ ಅವರು ನೀರು ಹೊರುವ, ಸೌದೆ ತರುವ, ಮಗು ಎತ್ತಿಕೊಳ್ಳುವ ಸಂಬಳವಿಲ್ಲದ ಆಳುಗಳಾದರು. ಅಲ್ಲಿ ವಧುದಕ್ಷಿಣೆಯಾಗಿ ದನ ಬರುತ್ತದೆ. ಹಾಗಾಗಿ ಬೇಗ ಮದುವೆ. ಮುಂದೆ ಅಮೆರಿಕದವರು ‘ಒಂಟಿ ಮಕ್ಕಳ’ ಪಟ್ಟಿ ಹಿಡಿದು ಬಂದರು. ಈ ಹುಡುಗಿಯರು ಕಾಗದದಲ್ಲಿ ಒಂಟಿ ಆಗಿರಲಿಲ್ಲ, ಒಂದು ಮನೆಗೆ ಸೇರಿದವರು. ಸುಮಾರು 3,800 ಜನ ಹೋದರು ಅಂತ ಟೀಚರ್ ಬರೆದಿದ್ದಾರಲ್ಲ, ಆ ಕಾರ್ಯಕ್ರಮದಲ್ಲಿ ಹೋದ ಹುಡುಗಿಯರು ಬರೀ 89.

ಲಾಸ್ಟ್ ಬಾಯ್ಸ್ ಅನ್ನುವ ಹೆಸರಿನಲ್ಲೇ ಅವರಿಗೆ ಜಾಗ ಇಲ್ಲ. ಆ ಪ್ರಬಂಧ ಬರೆಯುವಾಗ ನನಗೆ ಬಂದಷ್ಟು ಸಿಟ್ಟು ಇನ್ಯಾವತ್ತೂ ಬಂದಿಲ್ಲ. ಯಾರ ಮೇಲೆ ಅಂತ ಕೇಳಿದರೆ ಹೇಳಲು ಆಗುವುದಿಲ್ಲ. ಎಲ್ಲರೂ ಒಳ್ಳೆಯದನ್ನೇ ಮಾಡಲು ಹೊರಟಿದ್ದರು.

ರಾಘು ಸರ್‌ಗೆ ಓಟದ ಕತೆ ಇಷ್ಟ ಅಂತ ಒಂದು ಹೇಳುತ್ತೇನೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ನಿರಾಶ್ರಿತರ ತಂಡ ಇತ್ತು. ಹತ್ತು ಜನ, ಅದರಲ್ಲಿ ಐವರು ದಕ್ಷಿಣ ಸುಡಾನಿನವರು. ಬಾವುಟ ಹಿಡಿದಿದ್ದು ರೋಸ್ ನಥಿಕೆ ಲೊಕೊನ್ಯೆನ್. ಕಾಕುಮಾದಲ್ಲಿ ಬೆಳೆದ ಹುಡುಗಿ. ಕೀನ್ಯಾದ ಓಟಗಾರ್ತಿ ಟೆಗ್ಲಾ ಲೊರುಪೆ ತರಬೇತಿ ಕೊಟ್ಟವರು. 800 ಮೀಟರ್ ಓಟದಲ್ಲಿ ಅವಳು ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಅದನ್ನೂ ಹೇಳಿ ಟೀಚರ್, ದಯವಿಟ್ಟು ಬಿಡಬೇಡಿ.

ರಾಘು, ಕುಂದಾಪುರ

ಚೈತ್ರಾ ಅವರೆ, 89 ಅನ್ನುವ ಸಂಖ್ಯೆ ನನಗೆ ಗೊತ್ತಿರಲಿಲ್ಲ. ಎರಡು ಸಲ ಓದಿದೆ. ನನ್ನ ಲೈಬ್ರರಿಗೆ ಬರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಅವರಿಗೆ ಇಷ್ಟು ದಿನ ಗಂಡುಮಕ್ಕಳ ಓಟವನ್ನೇ ಹೇಳಿದೆ.

ಬೋಪಣ್ಣ, ಮಡಿಕೇರಿ

ನಾನು ಬರೆಯುವುದರಲ್ಲಿ ಹಿಂದೆ, ತಪ್ಪಿದ್ದರೆ ಮನ್ನಿಸಿ. ಸೈನ್ಯದಲ್ಲಿ ಪಶುವೈದ್ಯ ವಿಭಾಗದಲ್ಲಿದ್ದೆ. ವಿಶ್ವಸಂಸ್ಥೆಯ ಶಾಂತಿಪಡೆಗೆ ಭಾರತದಿಂದ ಹೋದ ತುಕಡಿಯ ಜೊತೆ ದಕ್ಷಿಣ ಸುಡಾನಿನಲ್ಲಿ ಇದ್ದು ಬಂದವನು. ನಮ್ಮವರು ಅಲ್ಲಿ ದನಗಳಿಗೆ ಚಿಕಿತ್ಸೆ ಕೊಡುತ್ತಿದ್ದರು. ಆ ಜನರ ನಂಬಿಕೆ ಗಳಿಸಲು ಅದಕ್ಕಿಂತ ಒಳ್ಳೆ ದಾರಿ ಇರಲಿಲ್ಲ.

ಜೊಂಗ್ಲೇ ಪ್ರಾಂತ್ಯ. ಕಣ್ಣು ಹಾಯಿಸಿದಷ್ಟೂ ಸಮತಟ್ಟು. ಕರಿಮಣ್ಣು. ಮಳೆ ಬಿದ್ದರೆ ಗಾಡಿಯ ಗಾಲಿ ಹೂತು ವಾರಗಟ್ಟಲೆ ದಾರಿ ಬಂದ್. ಆ ಮಣ್ಣಿನಲ್ಲಿ ಆರು ವರ್ಷದ ಮಗು ಬರಿಗಾಲಲ್ಲಿ ಗಡಿಯವರೆಗೆ ನಡೆದಿದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೂಟು ಹಾಕಿಕೊಂಡ ನಾವೇ ಸುಸ್ತಾಗುತ್ತಿದ್ದೆವು.

2013 ನಮಗೂ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಬೆಂಗಾವಲಿಗೆ ಹೋಗಿದ್ದ ಐವರು ಭಾರತೀಯ ಯೋಧರು ಜೊಂಗ್ಲೇಯಲ್ಲಿ ಹುತಾತ್ಮರಾದರು. ಡಿಸೆಂಬರ್‌ನಲ್ಲಿ ಅಕೋಬೋ ಠಾಣೆಯ ಮೇಲೆ ದಾಳಿಯಾದಾಗ ಅಲ್ಲಿ ಆಶ್ರಯ ಪಡೆದ ಜನರ ಜೊತೆ ನಮ್ಮವರೂ ಸತ್ತರು. ಜೂಬಾ, ಬೋರ್, ಮಲಕಾಲ್, ಎಲ್ಲ ಕಡೆ ಜನ ವಿಶ್ವಸಂಸ್ಥೆಯ ಠಾಣೆಗಳಿಗೆ ಓಡಿ ಬಂದರು. ಗೇಟು ತೆರೆದೆವು. ಸಾವಿರಾರು ಜನ. ಬೇಲಿಯೊಳಗೆ ಊರೇ ಕೂತ ಹಾಗೆ.

ಅವರಲ್ಲಿ ಒಬ್ಬ, ಮೂವತ್ತರ ಆಸುಪಾಸಿನವನು, ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ಚಿಕ್ಕವನಿದ್ದಾಗ ಇಥಿಯೋಪಿಯಾಕ್ಕೆ ನಡೆದವನು. ಈಗ ತನ್ನ ಮಗನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದಿದ್ದ. ನಾನು ಏನೂ ಮಾತಾಡಲು ತೋಚದೆ ನೀರಿನ ಬಾಟಲಿ ಕೊಟ್ಟೆ. ಅವನು ಮಗನಿಗೆ ಕುಡಿಸಿ, ಬಾಟಲಿ ಮುಚ್ಚಳವನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡ. ಮತ್ತೆ ಬೇಕಾಗುತ್ತದೆ ಅಂತ ಅವನಿಗೆ ಗೊತ್ತಿತ್ತು.

ಎರಡು ಮೂರು ದಿನಕ್ಕೆ ಆ ಬೇಲಿಯೊಳಗೆ ಒಂದು ಕೆಲಸ ಶುರುವಾಯಿತು. ಮಕ್ಕಳು ನೀರಿನ ಟ್ಯಾಂಕಿನ ಹತ್ತಿರ ಸೋರಿದ ಕೆಸರಿನಲ್ಲಿ ಎತ್ತು ಮಾಡತೊಡಗಿದರು. ಕೈಬೆರಳಷ್ಟು ಚಿಕ್ಕವು, ಉದ್ದ ಕೊಂಬಿನವು. ಸಾಲಾಗಿ ಇಟ್ಟು ಕಡ್ಡಿಯ ಬೇಲಿ ಹಾಕಿದರು. ಒಂದೊಂದಕ್ಕೂ ಹೆಸರು. ದಿಂಕಾ ಹುಡುಗ ದೊಡ್ಡವನಾದಾಗ ಅವನಿಗೆ ಒಂದು ಎತ್ತು ಕೊಡುತ್ತಾರೆ, ಅದರ ಬಣ್ಣದ ಹೆಸರೇ ಅವನಿಗೂ ಬರುತ್ತದೆ. ಅದರ ಮೇಲೆ ಹಾಡು ಕಟ್ಟುತ್ತಾನೆ. ಹೊರಗೆ ನಿಜವಾದ ದನ ಲೂಟಿಯಾಗಿ ಹೋಗಿತ್ತು. ಒಳಗೆ ಮಕ್ಕಳು ಹಟ್ಟಿ ಕಟ್ಟುತ್ತಿದ್ದರು. ಆ ಹೆಗಲ ಮೇಲಿನ ಹುಡುಗನೂ ಅಲ್ಲಿದ್ದ. ಅವನ ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೊಂಬು ತಿದ್ದಿ ಕೊಡುತ್ತಿದ್ದ.

ಅದನ್ನು ಆಸೆ ಅನ್ನಬೇಕೋ ನಿರಾಸೆ ಅನ್ನಬೇಕೋ ನನಗೆ ತಿಳಿಯಲಿಲ್ಲ. ದಿನಾ ಡ್ಯೂಟಿ ಮುಗಿಸಿ ಹೋಗಿ ನೋಡುತ್ತಿದ್ದೆ.

ಸಂಗಮೇಶ, ಇಂಡಿ

ಬೋಪಣ್ಣ ಸರ್, ಓದಿ ಕಣ್ಣು ತುಂಬಿ ಬಂತು ನೋಡ್ರಿ. ನಮ್ಮ ವಿಜಯಪುರ ಕಡೆ ಮಣ್ಣೆತ್ತಿನ ಅಮವಾಸಿ ಇದೆ. ಜೇಷ್ಠದ ಅಮವಾಸಿಗೆ ಕರಿಮಣ್ಣು ತಂದು ಜೋಡೆತ್ತು ಮಾಡಿ ಪೂಜೆ ಮಾಡುತ್ತೇವೆ. ನಾನು ಸಣ್ಣವನಿದ್ದಾಗ ಎರಡು ವರ್ಷ ಬರ ಬಿದ್ದು, ಅಪ್ಪ ಮನೆಯ ಜೋಡೆತ್ತು ಸಂತೆಗೆ ಹೊಡೆದ. ಆ ವರ್ಷವೂ ಅವ್ವ ಮಣ್ಣೆತ್ತು ಮಾಡಿದಳು. ಖಾಲಿ ಗ್ವಾದಲಿ ಮುಂದೆಯೇ ಇಟ್ಟಳು. ಯಾಕ ಬೇ ಅಂತ ಕೇಳಿದೆ. ‘ಹಬ್ಬ ಅಲ್ಲೇನೋ’ ಅಂದಳು. ಅಷ್ಟೇ. ಬರಕ್ಕೂ ಯುದ್ಧಕ್ಕೂ ಹೋಲಿಕೆ ಇಲ್ಲ, ನನಗೆ ಗೊತ್ತು. ಎತ್ತು ಅಂದ ಕೂಡಲೇ ಅವ್ವನ ಕೈ ನೆನಪಾಯಿತು.

ಪೂರ್ಣಿಮಾ ಟೀಚರ್, ಹುಣಸೂರು

ಎಲ್ಲರಿಗೂ ಎಷ್ಟು ಹೇಳಿದರೂ ಕಡಿಮೆ. ನಿನ್ನೆ ಶನಿವಾರ. ಹೇಳಿದೆ.

ವಿನಯ್ ಅವರ ಮಾತು ಹಿಡಿದು ಶುರು ಮಾಡಿದೆ. “ಹೋದ ಸಲ ಕತೆ ಮುಗಿದಿರಲಿಲ್ಲ, ನಾನೇ ನಿಲ್ಲಿಸಿದ್ದೆ” ಅಂದೆ. ಹಿಂದಿನ ಬೆಂಚಿನ ಒಬ್ಬ, “ಗೊತ್ತಿತ್ತು ಟೀಚರ್, ನೀವು ಬೇಗ ಬೇಗ ಹೇಳಿದ್ರಿ” ಅಂದ. ಮಕ್ಕಳಿಗೆ ಎಲ್ಲಾ ತಿಳಿಯುತ್ತದೆ.

ಮೊದಲು ಹುಡುಗಿಯರ ವಿಷಯ. 89 ಅಂತ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ 3,800 ಬರೆದೆ. ಗೇಟಿನ ಹತ್ತಿರ ಕೇಳಿದ ಹುಡುಗಿ ಏನೂ ಮಾತಾಡಲಿಲ್ಲ. ಲೆಕ್ಕದ ನೋಟ್‌ಬುಕ್ ತೆಗೆದು ಭಾಗಾಕಾರ ಮಾಡಿದಳು. “ನಲವತ್ತೆರಡು ಜನಕ್ಕೆ ಒಬ್ಬಳು” ಅಂದಳು. ನಮ್ಮ ಕ್ಲಾಸಿನಲ್ಲಿ ನಲವತ್ತೊಂದು ಮಕ್ಕಳು. ಎಲ್ಲರೂ ಸುತ್ತ ತಿರುಗಿ ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ವರ್ಷದಲ್ಲಿ ನಾನು ಮಾಡಿದ ಯಾವ ಪಾಠವೂ ಹೀಗೆ ಮಕ್ಕಳಿಗೆ ಮುಟ್ಟಿರಲಿಲ್ಲ. ಇದನ್ನು ಮಾಡಿದ್ದು ಅವಳು.

ಆಮೇಲೆ 2013. ಬೋಪಣ್ಣ ಸರ್, ನಿಮ್ಮ ನೀರಿನ ಬಾಟಲಿ ಹೇಳಿದೆ. “ಮತ್ತೆ ನಡೆದ್ರಾ ಟೀಚರ್?” ಅಂತ ಒಬ್ಬ ಕೇಳಿದ. ನಡೆದರು, ಮತ್ತೆ ಕಾಕುಮಾಗೇ ಬಂದರು ಅಂದೆ. ಅಲ್ಲಿ ಜಾಗ ಸಾಲದೆ 2016ರ ಹೊತ್ತಿಗೆ ಪಕ್ಕದಲ್ಲಿ ಕಾಲೊಬೆಯೇಯಿ ಅಂತ ಇನ್ನೊಂದು ವಸತಿ ಮಾಡಿದ್ದನ್ನೂ ಹೇಳಿದೆ. ಚಪ್ಪಾಳೆ ಇರಲಿಲ್ಲ. ಆದರೆ ನಾನು ಹೆದರಿದ ಹಾಗೆ ಯಾರೂ ಕುಗ್ಗಲಿಲ್ಲ. ನಸೀಮಾ ಮೇಡಂ ಹೇಳಿದಂತೆ ಹತ್ತು ನಿಮಿಷ ಉಳಿಸಿದ್ದೆ, ಅದು ಸಾಲಲಿಲ್ಲ.

ಆ ಹತ್ತು ನಿಮಿಷದಲ್ಲಿ ನಮ್ಮ ಹಕ್ಕಿಪಿಕ್ಕಿ ಹುಡುಗ ಎದ್ದು ನಿಂತ. ವರ್ಷವಿಡೀ ಬಾಯಿ ಬಿಡದ ಹುಡುಗ. ಅವನ ಮಾವ ಬಾಡಿಗೆ ರೂಮಿನಲ್ಲಿ ದಿನಗಟ್ಟಲೆ ಕೂತಿದ್ದು, ಫೋನಿನ ಚಾರ್ಜ್ ಉಳಿಸಲು ದಿನಕ್ಕೆ ಒಂದೇ ಸಲ ಆನ್ ಮಾಡುತ್ತಿದ್ದದ್ದು, ಬಸ್ಸಿನಲ್ಲಿ ಪೋರ್ಟ್ ಸುಡಾನ್, ಅಲ್ಲಿಂದ ಹಡಗಿನಲ್ಲಿ ಜೆಡ್ಡಾ, ಅಲ್ಲಿಂದ ವಿಮಾನ, ಎಲ್ಲ ಹೇಳಿದ. ಬರುವಾಗ ಮಾವನ ಬ್ಯಾಗಿನಲ್ಲಿ ಮಾರಾಟವಾಗದ ಎಣ್ಣೆ ಬಾಟಲಿ ಮಾತ್ರ ಇದ್ದವಂತೆ. “ಈಗ ಎಲ್ಲಿದ್ದಾರೋ ಮಾವ?” ಅಂದೆ. “ಮತ್ತೆ ಆಫ್ರಿಕಾಕ್ಕೇ ಹೋಗಿದ್ದಾರೆ ಟೀಚರ್, ಬೇರೆ ದೇಶ. ಸಾಲ ಇತ್ತಲ್ಲ” ಅಂದ. ಅವನ ದನಿಯಲ್ಲಿ ಹೆಮ್ಮೆಯೂ ಇತ್ತು, ಭಯವೂ ಇತ್ತು. ನಾನು ಎರಡನ್ನೂ ಹಾಗೇ ಬಿಟ್ಟೆ.

ಮುಂದಿನ ಶನಿವಾರ ಮಕ್ಕಳಿಗೆ ಎತ್ತು ಮಾಡಬೇಕಂತೆ. ಬೋಪಣ್ಣ ಸರ್, ಹೇಗೆ ಮಾಡುತ್ತಿದ್ದರು ಅಂತ ಸ್ವಲ್ಪ ಹೇಳುತ್ತೀರಾ? ನಮ್ಮ ಕಡೆ ಕೆಂಪುಮಣ್ಣು. ಆಗುತ್ತದಾ?

ರಾಘು, ಕುಂದಾಪುರ

ಟೀಚರ್, ನೀವು ಮಾಡಿದ್ದು ಸರಿಯಾಯಿತು. ಆದರೂ ನನ್ನ ಮಾತು ಪೂರ್ತಿ ಬಿಟ್ಟಿಲ್ಲ. ನಿಮ್ಮ ಕ್ಲಾಸಿನಲ್ಲಿ ನೀವಿದ್ದಿರಿ. ಲೈಬ್ರರಿಯಿಂದ ಪುಸ್ತಕ ಒಯ್ಯುವ ಮಗು ಮನೆಯಲ್ಲಿ ಒಂದೇ ಓದುತ್ತದೆ. ಅದಕ್ಕೆ ನಾನು ಇನ್ನೂ ಲೋಮಾಂಗ್‌ನನ್ನೇ ಮೊದಲು ಕೊಡುತ್ತೇನೆ. ಪುಸ್ತಕ ವಾಪಸ್ ತಂದಾಗ ಕೂರಿಸಿಕೊಂಡು ಉಳಿದದ್ದು ಹೇಳುತ್ತೇನೆ. ರೋಸ್ ಕತೆ ಕನ್ನಡದಲ್ಲಿ ನಾಲ್ಕು ಪುಟ ಬರೆದು ಇಡೋಣ ಅಂತಿದ್ದೇನೆ. ಚೈತ್ರಾ ಅವರು ಒಮ್ಮೆ ನೋಡಿಕೊಡಬೇಕು.

ಚೈತ್ರಾ ಕೆ., ಮೈಸೂರು

ಖಂಡಿತ ಕಳಿಸಿ ಸರ್. ಮೊದಲ ಸುತ್ತಿನಲ್ಲಿ ಹೊರಬಿದ್ದದ್ದು ಇರಬೇಕು, ಅದೊಂದೇ ಷರತ್ತು.

ಬೋಪಣ್ಣ, ಮಡಿಕೇರಿ

ಟೀಚರ್, ಕೆಂಪುಮಣ್ಣಾದರೂ ಆಗುತ್ತದೆ, ಕೆರೆ ಅಂಚಿನ ಜಿಗುಟು ಮಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಕಲ್ಲು, ಬೇರು ಆರಿಸಿ ಚೆನ್ನಾಗಿ ನಾದಿಸಿ. ಮೈ ಚಿಕ್ಕದಿರಲಿ, ಭುಜದ ಮೇಲೆ ಸ್ವಲ್ಪ ಡುಬ್ಬ. ಕಾಲು ಗಿಡ್ಡ ಸಾಕು, ಇಲ್ಲದಿದ್ದರೆ ನಿಲ್ಲುವುದಿಲ್ಲ. ಮುಖ್ಯ ಕೊಂಬು. ಮೈಗಿಂತ ಉದ್ದ ಇರಬೇಕು, ಮೇಲಕ್ಕೆ ಹೋಗಿ ಒಳಕ್ಕೆ ಬಾಗಬೇಕು. ಒಂದು ಕೊಂಬು ಮುಂದಕ್ಕೆ, ಒಂದು ಹಿಂದಕ್ಕೆ ಬಾಗಿದ್ದರೆ ಅವರಲ್ಲಿ ಬಹಳ ಬೆಲೆ. ಒಳಗೆ ಹಂಚಿಕಡ್ಡಿ ಇಟ್ಟು ಮಣ್ಣು ಮೆತ್ತಿಸಿ. ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ. ಎರಡು ದಿನ ನೆರಳಿನಲ್ಲೇ ಒಣಗಲಿ. ಹೆಸರು ಮಾತ್ರ ಮಕ್ಕಳೇ ಇಡಲಿ.